ಅರ್ಕಾವತಿಯ ಸೀಮೆಯಲ್ಲಿ ಸೈಕಲ್ ಪ್ರವಾಸ

(ಸೈಕಲ್ ಪ್ರವಾಸದಲ್ಲಿ ಆಸಕ್ತಿಯುಳ್ಳ ತರುಣರ ಸಭೆಯಲ್ಲಿ ಮಾಡಿದ ಭಾಷಣ)



ಬೆಂಗಳೂರಿನ ಸುತ್ತಣ ಹಸುರುನಾಡಿನಲ್ಲಿ ಸೈಕಲ್ಲಿನ ಮೇಲೆ ಪ್ರವಾಸ ಮಾಡುವ ಬಗೆಯನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ತಾವು ನಮಗೆ ಅಪ್ಪಣೆ ಮಾಡಿದ್ದೀರಿ. ವಿಷಯವು ಮೇಲುನೋಟಕ್ಕೆ ಚಿಕ್ಕದು. ರಾಜಕಾರಣ, ಶಿಕ್ಷಣ, ಭಾಷೆ ಮೊದಲಾದ ಘನವಾದ ವಿಷಯಗಳಿರುವಾಗ ಎರಡು ಚಕ್ರದ ಯಂತ್ರಕ್ಕೊಂದು ಸಭೆಯೇಕೆಂದು ಕೆಲವರು ಕೇಳಬಹುದು. ಅವರಿಗೆ ನಮ್ಮ ಹಿರಿಯರೇ ಉತ್ತರವನ್ನು ಹೇಳಿಟ್ಟಿದ್ದಾರೆ: ದೇಶ ಸುತ್ತಬೇಕು, ಕೋಶ ಓದಬೇಕು. ಈ ಎರಡರಲ್ಲಿ ಸುತ್ತುವುದನ್ನೇ ಅವರು ಮೊದಲು ಹೇಳಿದುದು ಗಮನಿಸತಕ್ಕ ಮಾತು.

ಈ ಸಭೆಯಲ್ಲಿ ಬೆಳಗಾವಿಯವರಿದ್ದೀರಿ, ಕಲಬುರಗಿಯವರಿದ್ದೀರಿ, ಬಳ್ಳಾರಿ ಮಂಗಳೂರುಗಳವರಿದ್ದೀರಿ. ಉದ್ಯೋಗದ ಸಲುವಾಗಿ ಬೆಂಗಳೂರಿಗೆ ಬಂದು ಇಲ್ಲಿಯೇ ನೆಲೆಸಿದ್ದೀರಿ. ನಗರದ ವರ್ತುಲ ರಸ್ತೆ, ಕಚೇರಿ, ಮನೆ ಇವು ಮೂರನ್ನು ಬಿಟ್ಟರೆ ಈ ಸೀಮೆಯ ನೆಲವನ್ನು ಕಂಡವರು ತಮ್ಮಲ್ಲೆಷ್ಟು ಮಂದಿ? ರಜೆ ಬಂದಿತೆಂದರೆ ಕಾಶ್ಮೀರಕ್ಕೆ ಟಿಕೇಟು ಕೊಳ್ಳುತ್ತೇವೆ. ನಗರದ ಪಡುವಣಂಚಿನಿಂದಲೇ ಕಣ್ಣಿಗೆ ಬೀಳುವ ಸಾವನದುರ್ಗವನ್ನು ಏರಿ ನೋಡಿರುವುದಿಲ್ಲ. ಅಂಗೈಯಲ್ಲಿ ಬೆಣ್ಣೆಯನ್ನಿಟ್ಟುಕೊಂಡು ತುಪ್ಪಕ್ಕಾಗಿ ಊರೆಲ್ಲ ಅಲೆದರೆಂಬ ಗಾದೆ ಇಂಥವರಿಗಾಗಿಯೇ ಹುಟ್ಟಿತು. ನಾಡು ಒಂದಾಗಬೇಕೆಂದು ಹಂಬಲಿಸಿದ ಹಿರಿಯರಿಗೆ ೧೯೫೬ನೆಯ ನವೆಂಬರ್ ೧ರಂದು ನಾಡು ಒಂದಾಗಿ ದೊರೆಯಿತು. ಆದರೆ ನಕ್ಷೆಯ ಮೇಲೆ ಒಂದಾದ ನಾಡು ಮನಸ್ಸಿನಲ್ಲಿಯೂ ಒಂದಾಗಬೇಕಾದರೆ, ಒಂದು ಸೀಮೆಯವನು ಇನ್ನೊಂದು ಸೀಮೆಯ ಹೊಲಗದ್ದೆಗಳ ನಡುವೆ ನಿಂತು ಅಲ್ಲಿಯ ರೈತನೊಡನೆ ಮಾತನಾಡಬೇಕು. ಅದಕ್ಕೆ ಸೈಕಲ್ಲಿಗಿಂತ ಉತ್ತಮವಾದ ಸಾಧನ ಬೇರೊಂದಿಲ್ಲವೆಂಬುದು ನಮ್ಮ ಅಭಿಪ್ರಾಯ.

ಈ ಮಾತಿಗೆ ಕಾರಣವನ್ನು ಹೇಳಬೇಕು. ಕಾಲ್ನಡಿಗೆಯವನು ಎಲ್ಲವನ್ನೂ ನೋಡುತ್ತಾನೆ, ಆದರೆ ಒಂದು ದಿನದಲ್ಲಿ ದೂರ ಹೋಗಲಾರನು. ಮೋಟಾರಿನವನು ದೂರ ಹೋಗುತ್ತಾನೆ, ಆದರೆ ಏನನ್ನೂ ನೋಡಲಾರನು. ಸೈಕಲ್ಲಿನವನು ಘಂಟೆಗೆ ೧೫ ಕಿಲೋಮೀಟರು ಹೋದರೂ ಹೊತ್ತೇರುವುದರೊಳಗೆ ೫೦ ಕಿಲೋಮೀಟರು ದಾಟುತ್ತಾನೆ. ದಾರಿಯಲ್ಲಿ ಯಾರಾದರೂ ಕರೆದರೆ ಕಾಲೂರಿ ನಿಲ್ಲುತ್ತಾನೆ. ಎರಡು ಸಮಗಾತ್ರದ ಚಕ್ರಗಳ ಈಗಿನ ಸೈಕಲ್ಲನ್ನು ಇಂಗ್ಲೆಂಡಿನ ಸ್ಟಾರ್ಲಿ ಎಂಬಾತನು ೧೮೮೫ರಲ್ಲಿ ರೂಢಿಗೆ ತಂದನು. ೧೮೮೮ರಲ್ಲಿ ಡನ್‌ಲಪ್ ಎಂಬಾತನು ಗಾಳಿ ತುಂಬಿದ ಟೈರನ್ನು ಕೊಟ್ಟನು. ಅಲ್ಲಿಂದೀಚೆಗೆ ಅದು ನಮ್ಮ ಅಂಚೆಯವನ, ಹಾಲಿನವನ, ಹಳ್ಳಿಯ ಮೇಷ್ಟರ ವಾಹನವಾಯಿತು. ಒಂದು ಕಾಲದಲ್ಲಿ ಪುರಸಭೆಗಳು ಇದಕ್ಕೂ ತೆರಿಗೆಯನ್ನು ವಿಧಿಸಿ ತಗಡಿನ ಬಿಲ್ಲೆಯನ್ನು ಕೊಡುತ್ತಿದ್ದುವು. ನಮ್ಮ ಸರ್ಕಾರವು ೨೦೦೬-೦೭ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ಲುಗಳನ್ನು ಹಂಚಿತು. ಹೈಸ್ಕೂಲು ದೂರವೆಂದು ಓದು ಬಿಡಬೇಕಾಗಿದ್ದ ಎಷ್ಟೋ ಹೆಣ್ಣುಮಕ್ಕಳು ಅದರ ದೆಸೆಯಿಂದ ಶಾಲೆಗೆ ಹೋದರು. ೨೦೨೦ರ ಸಾಂಕ್ರಾಮಿಕದ ಕಾಲದಲ್ಲಿ ಆ ಹಂಚಿಕೆ ನಿಂತಿತು. ರಾಷ್ಟ್ರಮಟ್ಟದಲ್ಲಿ ಹೆಸರು ಪಡೆದ ಸೈಕಲ್ ಪಟುಗಳನ್ನು ಕೊಟ್ಟ ಕೀರ್ತಿಯೂ ಲಕ್ಷ ರೂಪಾಯಿಯ ಸೈಕಲ್ಲುಗಳ ಬೆಂಗಳೂರಿಗಿಂತ ಹೆಚ್ಚಾಗಿ ವಿಜಯಪುರ, ಬಾಗಲಕೋಟೆಗಳ ಹಳ್ಳಿಗಳಿಗೆ ಸಲ್ಲುತ್ತದೆ. ಆದಕಾರಣ, ದುಬಾರಿಯ ಯಂತ್ರವಿಲ್ಲವೆಂದು ಯಾರೂ ಹಿಂಜರಿಯಬೇಕಾಗಿಲ್ಲ. ಬ್ರೇಕು ಹಿಡಿಯುವ, ಚೈನು ಜಾರದ ಯಾವ ಸೈಕಲ್ಲಾದರೂ ನಾವು ಮುಂದೆ ಹೇಳುವ ದಾರಿಗಳಿಗೆ ಸಾಕು.

ಇನ್ನು ನೆಲದ ಸ್ವರೂಪ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು ೯೨೦ ಮೀಟರು ಎತ್ತರದ ದಿಣ್ಣೆಯ ಮೇಲಿದೆ. ರಾಮನಗರ, ಚನ್ನಪಟ್ಟಣಗಳು ಸುಮಾರು ೭೫೦ ಮೀಟರಿನಲ್ಲಿಯೂ, ಕನಕಪುರವು ಸುಮಾರು ೬೪೦ ಮೀಟರಿನಲ್ಲಿಯೂ ಇವೆ. ಆದುದರಿಂದ ಈ ಮೂರು ಊರುಗಳಿಗೆ ಹೋಗುವಾಗ ಒಟ್ಟಿನಲ್ಲಿ ಇಳಿಜಾರು, ಬರುವಾಗ ಏರು. ಬೆಳಗಿನ ಉತ್ಸಾಹದಲ್ಲಿ ಇಳಿದುಹೋಗಿ ಮಧ್ಯಾಹ್ನದ ಬಿಸಿಲಿನಲ್ಲಿ ಹತ್ತುವಾಗ ಕಾಲು ಸೋತು ಕುಳಿತ ತರುಣರನ್ನು ನಾವು ಕಂಡಿದ್ದೇವೆ. ಇದಕ್ಕೆ ಗಾಳಿಯ ವಿಚಾರವನ್ನೂ ಸೇರಿಸಿಕೊಳ್ಳಬೇಕು. ಜೂನಿನಿಂದ ಸೆಪ್ಟೆಂಬರಿನವರೆಗೆ ಬಲವಾದ ಪಡುವಣ ಗಾಳಿ ಬೀಸುತ್ತದೆ. ಹೋಗುವಾಗ ಎದೆಗೆ ಬಡಿದು, ಬರುವಾಗ ಬೆನ್ನನ್ನು ತಳ್ಳುತ್ತದೆ. ನವೆಂಬರಿನಿಂದ ಮೂಡಣ ಗಾಳಿ; ಆಗ ಏರಿನ ಜೊತೆಗೆ ಎದುರುಗಾಳಿಯೂ ಕೂಡಿಬರುತ್ತದೆ. ಮಾಗಡಿ ಮಾತ್ರ ಹೆಚ್ಚುಕಡಮೆ ಬೆಂಗಳೂರಿನ ಎತ್ತರದಲ್ಲಿಯೇ ಇದೆ. ಆದರೆ ನಡುವೆ ಅರ್ಕಾವತಿಯ ಕಣಿವೆಗೆ ಇಳಿದು ಪುನಃ ಏರಬೇಕು.

ಈ ಅರ್ಕಾವತಿಯೇ ನಮ್ಮ ಪ್ರವಾಸಕ್ಕೆ ಮಾರ್ಗದರ್ಶಿ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ, ಹೆಸರಘಟ್ಟದ ಮೇಲೆ ಹರಿದು, ತಿಪ್ಪಗೊಂಡನಹಳ್ಳಿ, ಮಂಚನಬೆಲೆ, ರಾಮನಗರ, ಕನಕಪುರಗಳನ್ನು ಕ್ರಮವಾಗಿ ಕಂಡು, ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಈ ಹೊಳೆಯ ಜಾಡನ್ನು ನೆನಪಿನಲ್ಲಿಟ್ಟುಕೊಂಡವನಿಗೆ ನಕ್ಷೆಯಿಲ್ಲದಿದ್ದರೂ ದಿಕ್ಕು ತಪ್ಪದು.

ಮೊದಲನೆಯದು ಮಾಗಡಿಯ ದಾರಿ. ನಗರದಿಂದ ಸುಮಾರು ೫೦ ಕಿಲೋಮೀಟರು. ತಾವರೆಕೆರೆಯನ್ನು ದಾಟಿದ ಮೇಲೆ ನಗರದ ಗದ್ದಲ ಕಡಮೆಯಾಗಿ ರಾಗಿಯ ಹೊಲಗಳೂ ಮಾವಿನ ತೋಪುಗಳೂ ತೋರುತ್ತವೆ. ಇಲ್ಲಿಯೇ ಸಮೀಪದಲ್ಲಿ ತಿಪ್ಪಗೊಂಡನಹಳ್ಳಿಯ ಚಾಮರಾಜಸಾಗರವಿದೆ. ಅರ್ಕಾವತಿ, ಕುಮುದ್ವತಿಗಳು ಕೂಡುವೆಡೆಯಲ್ಲಿ ಕಟ್ಟಿದ ಈ ಜಲಾಶಯವು ೧೯೩೩ರಿಂದ ಬಹುಕಾಲ ಬೆಂಗಳೂರಿಗೆ ಕುಡಿಯುವ ನೀರನ್ನು ಕೊಟ್ಟಿತು. ಮಾಗಡಿ ಇನ್ನೂ ಕೆಲವು ಕಿಲೋಮೀಟರು ಇರುವಾಗ ಎಡಕ್ಕೆ ತಿರುಗಿದರೆ ಸಾವನದುರ್ಗ. ೧,೨೨೬ ಮೀಟರು ಎತ್ತರದ ಈ ಒಂಟಿಬಂಡೆಯ ಬೆಟ್ಟವನ್ನು ಏಷ್ಯಾ ಖಂಡದ ಅತಿ ದೊಡ್ಡ ಏಕಶಿಲೆಗಳಲ್ಲಿ ಒಂದೆಂದು ಎಣಿಸುತ್ತಾರೆ. ಕರಿಗುಡ್ಡ, ಬಿಳಿಗುಡ್ಡವೆಂದು ಎರಡು ಕೋಡುಗಳು. ಬುಡದಲ್ಲಿ ವೀರಭದ್ರಸ್ವಾಮಿ, ನರಸಿಂಹಸ್ವಾಮಿಯರ ಗುಡಿಗಳು. ಟಿಪ್ಪುವಿನ ಅಧೀನದಲ್ಲಿದ್ದ ಈ ದುರ್ಗವನ್ನು ಕಾರ್ನ್‌ವಾಲಿಸನ ಸೈನ್ಯವು ೧೭೯೧ನೆಯ ಡಿಸೆಂಬರಿನಲ್ಲಿ ಹಿಡಿಯಿತು. ಇಲ್ಲಿಯ ಬಂಡೆ ಮಳೆಯಲ್ಲಿ ಬಹಳ ಜಾರುತ್ತದೆ, ಮಳೆಗಾಲದಲ್ಲಿ ಹತ್ತಲಾಗದು.

ಮಾಗಡಿಯು ಕೆಂಪೇಗೌಡರ ವಂಶದವರು ಆಳಿದ ಊರು. ೧೫೩೭ರಲ್ಲಿ ಬೆಂಗಳೂರನ್ನು ಕಟ್ಟಿದ ಹಿರಿಯ ಕೆಂಪೇಗೌಡರ ಸಮಾಧಿಯು ಈ ತಾಲ್ಲೂಕಿನ ಕೆಂಪಾಪುರದಲ್ಲಿ ೨೦೧೫ರಲ್ಲಿ ಬೆಳಕಿಗೆ ಬಂತು. ಬೆಂಗಳೂರಿನಲ್ಲಿ ಮನೆ ಕಟ್ಟಿದ ಪ್ರತಿಯೊಬ್ಬನೂ ಒಮ್ಮೆಯಾದರೂ ಅಲ್ಲಿಗೆ ಹೋಗಿ ಕೈಮುಗಿದು ಬರುವುದು ಋಣಸಂದಾಯವೆಂದು ನಾವು ಭಾವಿಸುತ್ತೇವೆ. ಊರಿನಲ್ಲಿ ಸೋಮೇಶ್ವರನ ದೇವಾಲಯವೂ ತಿರುಮಲೆಯಲ್ಲಿ ರಂಗನಾಥಸ್ವಾಮಿಯ ದೇವಾಲಯವೂ ಇವೆ. ಇನ್ನೊಂದು ಸ್ಥಳ ಕಲ್ಯ. ವಿಜಯನಗರದ ಬುಕ್ಕರಾಯನು ೧೩೬೮ರಲ್ಲಿ ಜೈನರಿಗೂ ವೈಷ್ಣವರಿಗೂ ಉಂಟಾದ ವ್ಯಾಜ್ಯವನ್ನು ತೀರ್ಮಾನಿಸಿ, ಇಬ್ಬರಲ್ಲಿಯೂ ಭೇದವಿಲ್ಲವೆಂದು ಕಲ್ಲಿನಲ್ಲಿ ಬರೆಸಿದನು. ಆ ಶಾಸನ ಶ್ರವಣಬೆಳಗೊಳದಲ್ಲಿದ್ದಂತೆಯೇ ಈ ಕಲ್ಯದಲ್ಲಿಯೂ ಇದೆ. ನಮ್ಮದು ವಕೀಲ ವೃತ್ತಿ. ವ್ಯಾಜ್ಯಗಳ ನಡುವೆಯೇ ಬಾಳಿದವರು. ಆರೂವರೆ ಶತಮಾನಗಳ ಹಿಂದೆ ಬರೆದ ರಾಜಿಯೊಂದು ಬಯಲಿನ ಕಲ್ಲಿನ ಮೇಲೆ ಇಂದಿಗೂ ಉಳಿದಿರುವುದನ್ನು ನೆನೆದರೆ ನಮಗೆ ನಮ್ಮ ಕಡತಗಳು ಬಹಳ ಕಿರಿದಾಗಿ ಕಾಣುತ್ತವೆ. ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳು ೧೯೦೭ರಲ್ಲಿ ಜನಿಸಿದ ವೀರಾಪುರವೂ ಈ ತಾಲ್ಲೂಕಿನದೇ.

ಎರಡನೆಯದು ರಾಮನಗರದ ದಾರಿ. ಇದೂ ಸುಮಾರು ೫೦ ಕಿಲೋಮೀಟರೇ. ಮೈಸೂರು ರಸ್ತೆಯಿಂದ ಬಲಕ್ಕೆ ಸ್ವಲ್ಪ ಒಳಹೊಕ್ಕರೆ ಕೇತೋಹಳ್ಳಿಯ ದೊಡ್ಡ ಆಲದಮರ. ಸುಮಾರು ನಾಲ್ಕುನೂರು ವರ್ಷಗಳದು, ಮೂರು ಎಕರೆಯಷ್ಟು ಹಬ್ಬಿದೆ. ತಾಯಿಮರದ ಬೊಡ್ಡೆಯು ರೋಗದಿಂದ ಅಳಿದುಹೋದರೂ ಬಿಳಲುಗಳೇ ಕಂಬಗಳಾಗಿ ಮರವನ್ನು ಹಿಡಿದು ನಿಲ್ಲಿಸಿವೆ. ಬಿಡದಿಯಲ್ಲಿ ತಟ್ಟೆ ಇಡ್ಲಿಯ ಉಪಾಹಾರವನ್ನು ಮುಗಿಸಿಕೊಳ್ಳುವುದು ಸೈಕಲ್ಲಿನವರ ಸಂಪ್ರದಾಯವೇ ಆಗಿದೆ. ಅದನ್ನು ಮುರಿಯಬೇಕೆಂದು ನಾವು ಹೇಳುವುದಿಲ್ಲ.

ರಾಮನಗರಕ್ಕೆ ಮೊದಲಿದ್ದ ಹೆಸರು ಕ್ಲೋಸ್‌ಪೇಟೆ. ಟಿಪ್ಪುವಿನ ಪತನಾನಂತರ ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸನ ನೆನಪಿಗಾಗಿ ಇಟ್ಟದ್ದು. ಆ ಹೆಸರು ಊರಿನಿಂದ ಹೋಯಿತು, ಆದರೆ ಕಲ್ಲಿನಲ್ಲಿ ಉಳಿಯಿತು. ಉತ್ತರ ದಕ್ಷಿಣವಾಗಿ ಸುಮಾರು ೪೦೦ ಕಿಲೋಮೀಟರು ಉದ್ದಕ್ಕೆ ಚಾಚಿರುವ ಇಲ್ಲಿಯ ಬಂಡೆಗಳ ಪಟ್ಟಿಯನ್ನು ಭೂಗರ್ಭಶಾಸ್ತ್ರಜ್ಞರು ಇಂದಿಗೂ ‘ಕ್ಲೋಸ್‌ಪೇಟೆ ಗ್ರಾನೈಟ್’ ಎಂದೇ ಕರೆಯುತ್ತಾರೆ. ಅದರ ವಯಸ್ಸು ಸುಮಾರು ೨೫೦ ಕೋಟಿ ವರ್ಷ. ೧೯೭೫ರಲ್ಲಿ ತೆರೆಕಂಡ ‘ಶೋಲೆ’ ಎಂಬ ಹಿಂದೀ ಚಲಚ್ಚಿತ್ರವನ್ನು ಈ ಬಂಡೆಗಳ ನಡುವೆಯೇ ತೆಗೆದರು. ಚಿತ್ರವನ್ನು ನೋಡಿದ ಕೋಟ್ಯಂತರ ಜನರು ಇದನ್ನು ಉತ್ತರದೇಶದ ಯಾವುದೋ ಕಣಿವೆಯೆಂದೇ ತಿಳಿದರು. ಅವರ ಮಾತು ಹಾಗಿರಲಿ, ನಮ್ಮವರಲ್ಲಿಯೂ ಅನೇಕರು ಹಾಗೆಯೇ ತಿಳಿದಿದ್ದಾರೆ!

ಆ ಬಂಡೆಗಳಲ್ಲಿ ರಾಮದೇವರ ಬೆಟ್ಟವು ಉದ್ದಕೊಕ್ಕಿನ ರಣಹದ್ದುಗಳ ವಾಸಸ್ಥಾನ. ದನಕರುಗಳಿಗೆ ನೋವಿಗೆಂದು ಕೊಡುತ್ತಿದ್ದ ಡೈಕ್ಲೋಫಿನಾಕ್ ಎಂಬ ಔಷಧವು, ಸತ್ತ ದನದ ಮಾಂಸದ ಮೂಲಕ ಹದ್ದುಗಳ ಹೊಟ್ಟೆಗೆ ಸೇರಿ ಅವುಗಳ ಮೂತ್ರಪಿಂಡಗಳನ್ನು ಕೆಡಿಸಿತು. ದೇಶದಲ್ಲೆಲ್ಲ ರಣಹದ್ದುಗಳು ಅಳಿಯುತ್ತ ಬಂದುವು. ೨೦೦೬ರಲ್ಲಿ ಆ ಔಷಧವನ್ನು ದನಗಳಿಗೆ ಕೊಡುವುದನ್ನು ನಿಷೇಧಿಸಿದರು. ೨೦೧೨ರಲ್ಲಿ ಈ ಬೆಟ್ಟವನ್ನು ರಣಹದ್ದುಗಳ ಧಾಮವೆಂದು ಘೋಷಿಸಿದರು. ಇಲ್ಲಿಗೆ ಬರುವ ಪ್ರವಾಸಿಗಳು ಅರಣ್ಯ ಇಲಾಖೆಯ ಕಟ್ಟುಪಾಡುಗಳಿಗೆ ಒಳಪಟ್ಟು, ಹಕ್ಕಿಗಳು ಮರಿಮಾಡುವ ಬಂಡೆಗಳಿಂದ ದೂರವಿರಬೇಕು. ಕೂಗಾಟ, ಸಂಗೀತದ ಪೆಟ್ಟಿಗೆ ಇವು ಕೂಡದು.

ಊರೊಳಗೆ ನೋಡತಕ್ಕದ್ದು ರೇಷ್ಮೆಗೂಡಿನ ಮಾರುಕಟ್ಟೆ. ಏಷ್ಯಾ ಖಂಡದಲ್ಲಿಯೇ ಇದು ದೊಡ್ಡದೆಂದು ಹೆಸರಾಗಿದೆ. ಬೆಳಿಗ್ಗೆ ಹೋದವರಿಗೆ ರೈತರು ಚೀಲಗಳಿಂದ ಹಳದಿಯ, ಬಿಳಿಯ ಗೂಡುಗಳನ್ನು ತೊಟ್ಟಿಗಳಿಗೆ ಸುರಿಯುವುದೂ, ನೂಲು ಬಿಚ್ಚುವವರು ಹಿಡಿಯಲ್ಲಿ ತೆಗೆದು ಅಲುಗಾಡಿಸಿ ಗುಣವನ್ನು ಅಳೆಯುವುದೂ ಕಾಣುತ್ತದೆ. ದಾರಿಯುದ್ದಕ್ಕೂ ಹಿಪ್ಪುನೇರಳೆಯ ತೋಟಗಳು. ಮನೆಗಳ ಮುಂದೆ ಹುಳು ಹಣ್ಣಾದಾಗ ಗೂಡು ಕಟ್ಟಲು ಬಿಡುವ ಬಿದಿರಿನ ಚಂದ್ರಿಕೆಗಳು. ಈ ಒಂದು ಬೆಳೆಯ ದರ ಏರಿದಾಗ ಹಳ್ಳಿಯಲ್ಲಿ ಮದುವೆಗಳಾಗುತ್ತವೆ, ಇಳಿದಾಗ ಸಾಲಗಳಾಗುತ್ತವೆ. ಅರಿವೆಯಂಗಡಿಯಲ್ಲಿ ಸೀರೆಯನ್ನಷ್ಟೇ ಕಂಡವರು ಒಮ್ಮೆ ಇಲ್ಲಿಯೂ ನಿಲ್ಲಬೇಕು.

ಮೂರನೆಯದು ಚನ್ನಪಟ್ಟಣ, ರಾಮನಗರದಿಂದ ಸುಮಾರು ೧೨ ಕಿಲೋಮೀಟರು. ನಡುವೆ ಎಚ್. ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕವಿದೆ. ಬಂಡಿ, ಏತ, ಒನಕೆ, ತೊಗಲುಗೊಂಬೆ, ಸೋಮನಕುಣಿತದ ಮುಖವಾಡ ಹೀಗೆ ನಮ್ಮ ಅಜ್ಜಂದಿರ ಬಾಳಿನ ಸಾಮಗ್ರಿಯೆಲ್ಲವೂ ಅಲ್ಲಿ ಕೂಡಿದೆ. ಮುಂದೆ ಕೆಂಗಲ್ಲಿನ ಆಂಜನೇಯನ ಗುಡಿ. ರಾಮನಗರದ ಸಮೀಪದ ಲಕ್ಕಪ್ಪನಹಳ್ಳಿಯಲ್ಲಿ ೧೯೦೮ರಲ್ಲಿ ಹುಟ್ಟಿ, ವಕೀಲರಾಗಿ, ಸ್ವಾತಂತ್ರ್ಯಕ್ಕಾಗಿ ಸೆರೆಮನೆ ಕಂಡು, ೧೯೫೨ರಿಂದ ೧೯೫೬ರವರೆಗೆ ಮೈಸೂರಿನ ಮುಖ್ಯಮಂತ್ರಿಯಾಗಿದ್ದ ಹನುಮಂತಯ್ಯನವರ ಹೆಸರಿನಲ್ಲಿ ಸೇರಿದ ಕೆಂಗಲ್ಲು ಇದೇ. ವಿಧಾನಸೌಧವನ್ನು ಕಟ್ಟಿಸಿದುದಕ್ಕಾಗಿ ಜನರು ಅವರನ್ನು ನೆನೆಯುತ್ತಾರೆ. ಅದಕ್ಕಿಂತ ಹೆಚ್ಚಾಗಿ ನೆನೆಯತಕ್ಕದ್ದು ಇನ್ನೊಂದುಂಟು: ಏಕೀಕರಣವಾದರೆ ಹಳೆಯ ಮೈಸೂರಿನವರ ಪ್ರಾಬಲ್ಯ ಕುಂದೀತೆಂದು ತಮ್ಮ ಸುತ್ತಲಿನವರೇ ಅಳುಕುತ್ತಿದ್ದಾಗ ಅವರು ಏಕೀಕರಣದ ಪಕ್ಷವನ್ನು ಹಿಡಿದರು. ಕನ್ನಡನಾಡು ಒಂದಾದ ದಿನ ಅವರು ಅಧಿಕಾರದಲ್ಲಿರಲಿಲ್ಲ. ಕೆಲವೇ ತಿಂಗಳುಗಳ ಹಿಂದೆ ಇಳಿದಿದ್ದರು. ಬೆಳಗಾವಿಯಿಂದಲೋ ಬೀದರದಿಂದಲೋ ಬಂದ ತರುಣನು ಈ ಗುಡಿಯ ಮುಂದೆ ಸೈಕಲ್ಲನ್ನು ನಿಲ್ಲಿಸಿದರೆ ಆ ಮಾತನ್ನು ಒಂದು ಕ್ಷಣ ನೆನೆಯಲಿ.

ಚನ್ನಪಟ್ಟಣವೆಂದರೆ ಬೊಂಬೆ. ಆಲೆಮರದ ಬಿಳಿಯ, ನವಿರಾದ ಕಟ್ಟಿಗೆಯನ್ನು ಒಣಗಿಸಿ, ತಿರುಗಣೆಗೆ ಕೊಟ್ಟು, ಉಳಿಯಿಂದ ರೂಪು ತೆಗೆಯುತ್ತಾರೆ. ತಿರುಗುತ್ತಿರುವ ಬೊಂಬೆಗೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ, ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಅನಂತರ ತಾಳೆಗರಿಯಿಂದ ತಿಕ್ಕಿ ಹೊಳಪು ಕೊಡುತ್ತಾರೆ. ಬೇರೆ ಬಣ್ಣವನ್ನು ಬಳಿಯಬೇಕಾಗಿಲ್ಲ. ಮಗು ಬಾಯಲ್ಲಿಟ್ಟರೂ ಭಯವಿಲ್ಲದಂತೆ ಅರಿಸಿನ ಮೊದಲಾದ ಬಣ್ಣಗಳನ್ನು ಬಳಸುವವರುಂಟು. ೨೦೦೫-೦೬ರಲ್ಲಿ ಈ ಬೊಂಬೆಗಳಿಗೆ ಭೌಗೋಳಿಕ ಗುರುತಿನ ಕಾನೂನಿನ ರಕ್ಷಣೆ ದೊರೆಯಿತು. ಅಂದರೆ ಬೇರೆ ಊರಿನ ಸರಕನ್ನು ಈ ಹೆಸರಿನಲ್ಲಿ ಮಾರುವಂತಿಲ್ಲ. ಆದರೆ ಕಾನೂನು ಹೆಸರನ್ನು ಕಾಯಬಲ್ಲುದೇ ಹೊರತು ಗಿರಾಕಿಯನ್ನು ತಂದುಕೊಡಲಾರದು. ಈ ಮಾತಿಗೆ ಮುಂದೆ ಬರುತ್ತೇವೆ. ಊರಿನಾಚೆ ದೊಡ್ಡಮಳೂರಿನ ಅಪ್ರಮೇಯಸ್ವಾಮಿಯ ಗುಡಿಯಲ್ಲಿ ಅಂಬೆಗಾಲಿಕ್ಕುವ ನವನೀತಕೃಷ್ಣನಿದ್ದಾನೆ. ಪುರಂದರದಾಸರು ಈ ಕೃಷ್ಣನನ್ನು ಕಂಡು ಹಾಡಿದರೆಂದು ಪ್ರತೀತಿ. ನೀರನ್ನು ನೋಡಬಯಸುವವರಿಗೆ ೧೯೪೬ರಲ್ಲಿ ಕಟ್ಟಿದ ಕಣ್ವ ಜಲಾಶಯವಿದೆ. ಅಲ್ಲಿಗೆ ಹೋಗುವ ಹಳ್ಳಿಯ ದಾರಿ ತೆಂಗು, ಹಿಪ್ಪುನೇರಳೆಗಳ ನಡುವಿನದು. ಕಾಲಲ್ಲಿ ಶಕ್ತಿ ಉಳಿದವರು ಇನ್ನೂ ಮುಂದೆ ಹೋಗಿ, ೧೯೩೮ರ ಏಪ್ರಿಲಿನಲ್ಲಿ ಮೈಸೂರು ಸಂಸ್ಥಾನದ ಪ್ರಜೆಗಳು ನಿಷೇಧವನ್ನು ಮೀರಿ ರಾಷ್ಟ್ರಧ್ವಜವನ್ನೇರಿಸಿದ ಮದ್ದೂರಿನ ಶಿವಪುರವನ್ನು ನೋಡಿ ಬರಬಹುದು. ಬಳಲಿದವರಿಗೆ ರೈಲುಂಟು; ಸೈಕಲ್ಲನ್ನು ಸಾಮಾನಿನಂತೆ ಹಾಕಿಸುವ ವಿಷಯವನ್ನು ಮಾತ್ರ ನಿಲ್ದಾಣದಲ್ಲಿ ಮೊದಲೇ ವಿಚಾರಿಸಬೇಕು.

ನಾಲ್ಕನೆಯದು ಕನಕಪುರ. ಹಳೆಯ ಹೆಸರು ಕಾನಕಾನಹಳ್ಳಿ. ನಗರದಿಂದ ಸುಮಾರು ೫೫ ಕಿಲೋಮೀಟರು. ಮೆಟ್ರೋ ರೈಲು ಮುಗಿಯುವ ನಿಲ್ದಾಣಕ್ಕೆ ರೇಷ್ಮೆ ಸಂಸ್ಥೆಯೆಂದೇ ಹೆಸರು. ರೇಷ್ಮೆಯ ಸೀಮೆ ಮುಂದೆ ಬರುತ್ತದೆಂಬುದಕ್ಕೆ ಅದೇ ಮುನ್ಸೂಚನೆ. ಸ್ವಲ್ಪ ಮುಂದೆ ತಾತಗುಣಿಯಲ್ಲಿ ಚಿತ್ರಕಾರ ರೋರಿಕ್, ನಟಿ ದೇವಿಕಾರಾಣಿ ದಂಪತಿಗಳು ಬಾಳಿದ ೪೬೮ ಎಕರೆಯ ತೋಟ. ಅಲ್ಲಿಂದ ಕಗ್ಗಲೀಪುರ, ಹಾರೋಹಳ್ಳಿಗಳ ಮೇಲೆ ಕನಕಪುರ. ಅಲ್ಲಿಂದ ದೊಡ್ಡ ಆಲಹಳ್ಳಿಯ ಮಾರ್ಗವಾಗಿ ಸುಮಾರು ೩೫ ಕಿಲೋಮೀಟರು ಕಾಡಿನಂಚಿನಲ್ಲಿ ಇಳಿದರೆ ಅರ್ಕಾವತಿ ಕಾವೇರಿಯರ ಸಂಗಮ. ಹೊಳೆಯನ್ನು ದಾಟಿ ನಾಲ್ಕು ಕಿಲೋಮೀಟರು ಹೋದರೆ, ಮಹಾನದಿಯು ಮೇಕೆ ದಾಟುವಷ್ಟು ಇಕ್ಕಟ್ಟಿನ ಕಲ್ಲುಬಿರುಕಿನಲ್ಲಿ ನುಗ್ಗುವ ಮೇಕೆದಾಟು. ಇದು ಕಾವೇರಿ ವನ್ಯಧಾಮದ ಸೀಮೆ. ಆನೆಗಳು ರಸ್ತೆಗೆ ಬರುತ್ತವೆ. ಸೂರ್ಯೋದಯಕ್ಕೆ ಮೊದಲು, ಸೂರ್ಯಾಸ್ತದ ಮೇಲೆ ಈ ದಾರಿಯಲ್ಲಿ ಸೈಕಲ್ ತುಳಿಯುವುದು ಧೈರ್ಯವಲ್ಲ, ಅವಿವೇಕ. ಸಂಗಮದಲ್ಲಿ ನೀರು ಶಾಂತವಾಗಿ ಕಂಡರೂ ಸುಳಿಗಳಿವೆ. ಈಜಲಿಳಿದು ಪ್ರಾಣ ಕಳೆದುಕೊಂಡವರ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ.

ನಾಲ್ಕು ಊರುಗಳನ್ನು ಬಿಡಿಬಿಡಿಯಾಗಿ ನೋಡಿದವರು ಕಡೆಗೆ ಒಂದು ಪ್ರದಕ್ಷಿಣೆಯನ್ನು ಮಾಡಬೇಕು. ಬೆಂಗಳೂರಿನಿಂದ ಮಾಗಡಿ ೫೦, ಮಾಗಡಿಯಿಂದ ರಾಮನಗರ ೩೫, ರಾಮನಗರದಿಂದ ಕನಕಪುರ ೨೫, ಅಲ್ಲಿಂದ ಬೆಂಗಳೂರು ೫೫. ಒಟ್ಟು ಸುಮಾರು ೧೬೫ ಕಿಲೋಮೀಟರು. ಚನ್ನಪಟ್ಟಣಕ್ಕೆ ಹೋಗಿಬಂದರೆ ಇನ್ನು ೨೫ ಸೇರುತ್ತದೆ. ಫ್ರಾನ್ಸಿನಿಂದ ಬಂದ ‘ಬ್ರೆವೆ’ ಎಂಬ ದೂರಸವಾರಿಯ ಪದ್ಧತಿಯಲ್ಲಿ ೨೦೦ ಕಿಲೋಮೀಟರನ್ನು ಹದಿಮೂರೂವರೆ ಘಂಟೆಗಳಲ್ಲಿ ಮುಗಿಸತಕ್ಕದ್ದು. ಬೆಂಗಳೂರಿನ ಅನೇಕ ಸ್ತ್ರೀಪುರುಷರು ಇದನ್ನು ಸಾಧಿಸಿದ್ದಾರೆ. ಅವರನ್ನು ನಾವು ಗೌರವಿಸುತ್ತೇವೆ. ಆದರೆ ನಾಡನ್ನು ನೋಡಬೇಕೆಂಬವರಿಗೆ ಎರಡು ದಿನಗಳ ಕಾಲಾವಕಾಶವೇ ತಕ್ಕದ್ದು. ಮೊದಲ ರಾತ್ರಿ ರಾಮನಗರದಲ್ಲಿ ತಂಗಬಹುದು.

ಪ್ರವಾಸಿಯು ಪಾಲಿಸತಕ್ಕ ಕೆಲವು ನಿಯಮಗಳನ್ನು ಹೇಳುತ್ತೇವೆ. ಒಂದು: ಬೆಳಕು ಹರಿಯುವಾಗಲೇ ಹೊರಡಿರಿ, ಹತ್ತು ಘಂಟೆಯೊಳಗೆ ಗುರಿ ಮುಟ್ಟಿರಿ. ಎರಡು: ಬದಲಿ ಟ್ಯೂಬು, ಪಂಪು, ಎರಡು ಸೀಸೆ ನೀರು, ಹಿಂದೆ ಕೆಂಪು ದೀಪ, ತಲೆಗೆ ಶಿರಸ್ತ್ರಾಣ ಇವಿಲ್ಲದೆ ಹೊರಡಬೇಡಿರಿ. ಮೂರು: ಕೊಯ್ಲಿನ ದಿನಗಳಲ್ಲಿ ರೈತರು ರಾಗಿ, ಹುರುಳಿಗಳನ್ನು ರಸ್ತೆಯ ಮೇಲೆ ಹರಡಿ ಒಕ್ಕುತ್ತಾರೆ. ಹುರುಳಿಯ ಬಳ್ಳಿ ಚೈನಿಗೆ ಸುತ್ತಿಕೊಂಡರೆ ಚಕ್ರವೇ ನಿಲ್ಲುತ್ತದೆ. ಅಲ್ಲಿ ಇಳಿದು ತಳ್ಳಿಕೊಂಡು ಹೋಗ್ರಿ, ರೈತನನ್ನು ಗದರಿಸಬೇಡಿರಿ. ಕಣವಿಲ್ಲದವನಿಗೆ ರಸ್ತೆಯೇ ಕಣ. ನಾಲ್ಕು: ಏಪ್ರಿಲ್, ಮೇ ತಿಂಗಳುಗಳಲ್ಲಿ ಈ ಜಿಲ್ಲೆಯಲ್ಲಿ ಬಾದಾಮಿ, ರಸಪುರಿ ಮಾವುಗಳ ಸುಗ್ಗಿ. ಹಣ್ಣನ್ನು ರಸ್ತೆಯ ಬದಿಯ ರೈತನಿಂದ ಹಣ ಕೊಟ್ಟು ಕೊಳ್ಳಿರಿ, ತೋಪಿಗೆ ಕೈಹಾಕಬೇಡಿರಿ. ಐದು: ದಾರಿಯನ್ನು ಕೈಯೊಳಗಿನ ಯಂತ್ರಕ್ಕೆ ಬದಲಾಗಿ ಮನುಷ್ಯರನ್ನೇ ಕೇಳಿರಿ, “ಅಣ್ಣಾ, ಕಣ್ವಕ್ಕೆ ಯಾವ ದಾರಿ?” ಎಂದು ಕನ್ನಡದಲ್ಲಿ ಕೇಳಿದವನಿಗೆ ದಾರಿಯ ಜೊತೆಗೆ ಮಜ್ಜಿಗೆಯೂ ದೊರೆತೀತು.

ಇನ್ನು ನಮ್ಮ ಭಾಷಣದ ಮುಖ್ಯ ಅಂಶಕ್ಕೆ ಬರುತ್ತೇವೆ. ಬೆಂಗಳೂರು ಮೈಸೂರುಗಳ ನಡುವಿನ ೧೧೮ ಕಿಲೋಮೀಟರು ಉದ್ದದ ಹೊಸ ಹೆದ್ದಾರಿಯನ್ನು ೨೦೨೩ನೆಯ ಮಾರ್ಚಿ ತಿಂಗಳಿನಲ್ಲಿ ತೆರೆದರು. ಅದೇ ವರ್ಷದ ಆಗಸ್ಟ್ ೧ರಿಂದ ಅದರ ಮುಖ್ಯ ಪಥದಲ್ಲಿ ಮೋಟಾರ್ ಸೈಕಲ್, ಆಟೋರಿಕ್ಷಾ, ಟ್ರ್ಯಾಕ್ಟರುಗಳನ್ನೂ ಸೈಕಲ್ ಮೊದಲಾದ ಯಂತ್ರರಹಿತ ವಾಹನಗಳನ್ನೂ ನಿಷೇಧಿಸಿದರು. ಈ ನಿಷೇಧವನ್ನು ನಾವು ವಿರೋಧಿಸುವುದಿಲ್ಲ. ಘಂಟೆಗೆ ನೂರು ಕಿಲೋಮೀಟರು ಧಾವಿಸುವ ವಾಹನಗಳ ನಡುವೆ ಸೈಕಲ್ಲು ಹೋಗುವುದು ಸಾವನ್ನು ಕರೆದಂತೆ. ದೇಶದಲ್ಲೆಲ್ಲ ಸ್ವೇಚ್ಛೆಯಾಗಿ ಸಂಚರಿಸುವ ಹಕ್ಕನ್ನು ನಮ್ಮ ಸಂವಿಧಾನದ ೧೯ನೆಯ ವಿಧಿಯು ಪೌರನಿಗೆ ಕೊಟ್ಟಿದೆ. ಜನಹಿತಕ್ಕಾಗಿ ಯುಕ್ತವಾದ ನಿರ್ಬಂಧವನ್ನು ಹಾಕಲು ಸರ್ಕಾರಕ್ಕೂ ಅದೇ ವಿಧಿಯು ಅವಕಾಶವನ್ನಿತ್ತಿದೆ. ಆದರೆ ‘ಯುಕ್ತ’ ಎಂಬ ಆ ಒಂದು ಮಾತಿನಲ್ಲಿಯೇ ನ್ಯಾಯವೆಲ್ಲ ಅಡಗಿದೆ. ಒಂದು ದಾರಿಯನ್ನು ಮುಚ್ಚಿದವರು ಇನ್ನೊಂದನ್ನು ತೆರೆದುಕೊಡಬೇಕು. ಪಕ್ಕದ ಸೇವಾರಸ್ತೆಯು ಸೇತುವೆ, ರೈಲ್ವೆ ದಾಟುಗಳ ಬಳಿ ಅಲ್ಲಲ್ಲಿ ತುಂಡಾಗುತ್ತದೆಂಬ ದೂರು ಹೆದ್ದಾರಿ ತೆರೆದಂದಿನಿಂದ ಕೇಳಿಬಂತು. ಬಿಡದಿಯ ಕಾರ್ಖಾನೆಗೆ ಸೈಕಲ್ಲಿನಲ್ಲಿ ಹೋಗುವ ಕೂಲಿಯವನಿಗೆ, ಶಾಲೆಗೆ ಹೋಗುವ ಹುಡುಗಿಗೆ ಅದು ವಿನೋದದ ಪ್ರಶ್ನೆಯಲ್ಲ. ವಾರಕ್ಕೊಮ್ಮೆ ಹೋಗುವ ನಾವು ದನಿಯೆತ್ತಿದರೆ, ದಿನವೂ ಹೋಗುವ, ದನಿಯಿಲ್ಲದ ಅವರಿಗೂ ದಾರಿಯಾಗುತ್ತದೆ. ಸೇವಾರಸ್ತೆ ಅಖಂಡವಾಗಿರಬೇಕು, ದಾಟುವೆಡೆಗಳಲ್ಲಿ ದೀಪಗಳಿರಬೇಕು, ಅಂಚಿನಲ್ಲಿ ಸೈಕಲ್ಲಿಗೊಂದು ಪಟ್ಟಿಯಿರಬೇಕು. ಇದು ನಮ್ಮ ಬೇಡಿಕೆ; ಇದರಲ್ಲಿ ಅತಿಯಾದುದೇನೂ ಇಲ್ಲ.

ಈ ಹೆದ್ದಾರಿಯು ಬಿಡದಿ, ರಾಮನಗರ, ಚನ್ನಪಟ್ಟಣಗಳನ್ನು ಬಳಸಿಕೊಂಡು ಹೋಗುತ್ತದೆ. ಮೈಸೂರಿಗೆ ಹೋಗುವವರಿಗೆ ಒಂದು ಘಂಟೆ ಉಳಿಯಿತು. ಹಳೆಯ ರಸ್ತೆಯ ಬದಿಯ ಹೋಟೆಲು, ಎಳನೀರಿನ ಗಾಡಿ, ಬೊಂಬೆಯಂಗಡಿಗಳ ವ್ಯಾಪಾರ ಇಳಿಯಿತು. ತಿರುಗಣೆಯ ಮುಂದೆ ಕುಳಿತ ಕುಶಲಕರ್ಮಿಗೆ ಗಿರಾಕಿ ಕಾಣದಾದನು. ಅದೇ ಹಳೆಯ ರಸ್ತೆ ಇಂದು ಸೈಕಲ್ಲಿನವನಿಗೆ ಪ್ರಶಸ್ತವಾಗಿದೆ: ಲಾರಿಗಳು ಕಡಮೆ, ನೆರಳು ಹೆಚ್ಚು. ನೂರು ಮಂದಿ ಸೈಕಲ್ಲಿನವರು ವಾರಕ್ಕೊಮ್ಮೆ ಈ ಊರುಗಳಲ್ಲಿ ತಿಂಡಿ ತಿಂದು, ಒಂದೊಂದು ಬೊಂಬೆಯನ್ನು ಚೀಲಕ್ಕೆ ಹಾಕಿಕೊಂಡು ಬಂದರೆ, ಹೆದ್ದಾರಿ ಕಸಿದುಕೊಂಡುದರಲ್ಲಿ ಸ್ವಲ್ಪವನ್ನಾದರೂ ಹಿಂದಿರುಗಿಸಿದಂತಾಗುತ್ತದೆ.

ಕಡೆಯದಾಗಿ ಹಸುರಿನ ಮಾತು. ೨೦೦೭ರಲ್ಲಿ ಈ ನಾಲ್ಕು ತಾಲ್ಲೂಕುಗಳು ಸೇರಿ ರಾಮನಗರ ಜಿಲ್ಲೆಯಾಯಿತು. ೨೦೨೫ರಲ್ಲಿ ಸರ್ಕಾರವು ಅದಕ್ಕೆ ಬೆಂಗಳೂರು ದಕ್ಷಿಣ ಜಿಲ್ಲೆಯೆಂದು ಹೆಸರಿಟ್ಟಿತು. ಹೆಸರಿನ ಹಿಂದೆ ನಗರವೂ ಬರುತ್ತಿದೆ. ಬಿಡದಿಯ ಸುತ್ತ ಉಪನಗರಕ್ಕಾಗಿ ಸಾವಿರಾರು ಎಕರೆಗಳನ್ನು ಗೊತ್ತುಮಾಡಿದ್ದಾರೆ; ರೈತರಲ್ಲಿ ಅನೇಕರು ವಿರೋಧಿಸಿದ್ದಾರೆ. ಅರ್ಕಾವತಿಯ ಗತಿಯನ್ನು ನೋಡಿರಿ. ೧೮೯೪ರಲ್ಲಿ ಹೆಸರಘಟ್ಟದಿಂದ, ೧೯೩೩ರಲ್ಲಿ ತಿಪ್ಪಗೊಂಡನಹಳ್ಳಿಯಿಂದ ಬೆಂಗಳೂರು ಆಕೆಯ ನೀರನ್ನು ಕುಡಿದು ಬೆಳೆಯಿತು. ಪ್ರತಿಯಾಗಿ ಏನನ್ನು ಕೊಟ್ಟಿತು? ಬಸವನಗುಡಿಯ ನಂದಿಯ ಪಾದದಲ್ಲಿ ಹುಟ್ಟಿತೆಂದು ಹೇಳುವ ವೃಷಭಾವತಿಯನ್ನು ಕೊಳಚೆಯ ಕಾಲುವೆಯನ್ನಾಗಿ ಮಾಡಿ, ಬೈರಮಂಗಲದ ಕೆರೆಯ ಮೇಲೆ ಹರಿಸಿ, ಕನಕಪುರದ ಬಳಿ ಅದೇ ಅರ್ಕಾವತಿಗೆ ಸೇರಿಸಿತು. ಬೈರಮಂಗಲದ ನೊರೆಯ ನೀರನ್ನು ಹೊಲಕ್ಕೆ ಹಾಯಿಸುವ ರೈತನು ನಮ್ಮ ಸ್ನಾನದ ಮನೆಗಳ ನೀರನ್ನೇ ಹಾಯಿಸುತ್ತಿದ್ದಾನೆ. ಕಾರಿನ ಗಾಜನ್ನೇರಿಸಿಕೊಂಡು ಹೋಗುವವನಿಗೆ ಆ ವಾಸನೆ ತಿಳಿಯದು. ಸೈಕಲ್ಲಿನವನಿಗೆ ತಿಳಿಯುತ್ತದೆ; ತಿಳಿದವನ ಮೇಲೆ ಹೊಣೆಯೂ ಬೀಳುತ್ತದೆ.

ಮಹನೀಯರೇ, ಬರುವ ಭಾನುವಾರಗಳಲ್ಲಿ ತಾವೆಲ್ಲರೂ ಈ ದಾರಿಗಳಲ್ಲೊಂದನ್ನು ಹಿಡಿಯಬೇಕೆಂದು ನಾವು ಬೇಡುತ್ತೇವೆ. ಒಬ್ಬೊಬ್ಬರಾಗಿ ಹೋಗದೆ, ಬೇರೆ ಸೀಮೆಯಿಂದ ಬಂದ ಒಬ್ಬ ಗೆಳೆಯನನ್ನು ಜೊತೆಗೆ ಕರೆದುಕೊಂಡು ಹೋಗಿರಿ. ಎಲ್ಲಿ ಸೇವಾರಸ್ತೆ ತುಂಡಾಗಿದೆ, ಎಲ್ಲಿ ಕೆರೆಗೆ ಮಣ್ಣು ತುಂಬುತ್ತಿದ್ದಾರೆ, ಎಲ್ಲಿ ಸಾಲುಮರಗಳನ್ನು ಕಡಿಯುತ್ತಿದ್ದಾರೆ ಎಂಬುದನ್ನು ದಿನಾಂಕ, ಸ್ಥಳಗಳ ಸಮೇತ ಬರೆದಿಟ್ಟುಕೊಂಡು ತಾಲ್ಲೂಕು ಕಚೇರಿಗೂ ಪತ್ರಿಕೆಗಳಿಗೂ ಕಳುಹಿಸಿರಿ. ವಕೀಲರಾಗಿ ಒಂದು ಮಾತನ್ನು ಹೇಳಬಲ್ಲೆವು: ಕಣ್ಣಾರೆ ಕಂಡ ಸಾಕ್ಷಿಗಿಂತ ಬಲವಾದ ಸಾಕ್ಷಿಯಿಲ್ಲ. ಆ ಸಾಕ್ಷಿಯನ್ನು ಹೇಳುವವರು ತಾವಾಗಿರಿ ಎಂದು ಪ್ರಾರ್ಥಿಸುತ್ತೇವೆ.